ಇ-ಸ್ಟ್ಯಾಂಪ್ ಸೇವೆ: ತೆಲಗಿ ಹಗರಣ ಕಂಡವರ ಕಣ್ಣಲ್ಲಿ

2023ರಲ್ಲಿ ತಾಯಿಯವರ ಮನೆಯ ಬಾಡಿಗೆ ಕರಾರಿಗೆಂದು ನಮ್ಮ ಬಡಾವಣೆಯ ಸೌಹಾರ್ದ ಸಹಕಾರಿಯೊಂದರಲ್ಲಿ ಇ-ಸ್ಟ್ಯಾಂಪ್, ಅಂದರೆ ಛಾಪಾ ಕಾಗದದ ಬದಲು ಕಂಪ್ಯೂಟರಿನಿಂದ ಮುದ್ರಿಸಿಕೊಡುವ ಮುದ್ರಾಂಕ ಶುಲ್ಕದ ಪ್ರಮಾಣಪತ್ರ, ಮಾಡಿಸಿದೆ. ಇಬ್ಬರು ಪಕ್ಷಗಾರರ ಹೆಸರು, ಪತ್ರದ ವಿವರ, ಮುದ್ರಾಂಕ ಶುಲ್ಕದ ಮೊತ್ತವನ್ನು ಅರ್ಜಿಯಲ್ಲಿ ಬರೆದು ಹಣ ಕಟ್ಟಿದ ಹತ್ತೇ ನಿಮಿಷದಲ್ಲಿ ಪ್ರಮಾಣಪತ್ರ ಕೈಗೆ ಬಂತು.

ಈ ಸೇವೆಯ ಬೆಲೆ ತಿಳಿಯಬೇಕಾದರೆ ಖಾನಾಪುರದ ಅಬ್ದುಲ್ ಕರೀಂ ತೆಲಗಿಯನ್ನು ನೆನೆಯಲೇಬೇಕು. ನಾಸಿಕ್‌ನ ಸರ್ಕಾರಿ ಭದ್ರತಾ ಮುದ್ರಣಾಲಯ ಕೈಬಿಟ್ಟಿದ್ದ ಯಂತ್ರಗಳನ್ನು ಕೊಂಡು ಆತ ಅಚ್ಚು ಹಾಕಿಸಿದ ನಕಲಿ ಛಾಪಾ ಕಾಗದ ಬ್ಯಾಂಕು, ವಿಮಾ ಕಂಪನಿಗಳವರೆಗೂ ಹೋಯಿತು. ಮುಟ್ಟಿ ನೋಡಿ ಅಸಲಿ ನಕಲಿ ಹೇಳುವುದು ಸಾಮಾನ್ಯ ಗ್ರಾಹಕನಿಗೆ ಸಾಧ್ಯವಿರಲಿಲ್ಲ. 2000ದಲ್ಲಿ ಬೆಂಗಳೂರಿನಲ್ಲಿ ನಕಲಿ ಕಾಗದ ಸಾಗಿಸುತ್ತಿದ್ದವರು ಸಿಕ್ಕಿಬಿದ್ದ ಮೇಲೆ ಪೊಲೀಸರು ಹುಡುಕುತ್ತಿದ್ದ ತೆಲಗಿ 2001ರ ನವೆಂಬರ್‌ನಲ್ಲಿ ಅಜ್ಮೀರ್‌ನಲ್ಲಿ ಬಂಧನಕ್ಕೊಳಗಾದ. ನಮ್ಮ ರಾಜ್ಯ 'ಸ್ಟಾಂಪಿಟ್' ಎಂಬ ವಿಶೇಷ ತನಿಖಾ ತಂಡವನ್ನೇ ರಚಿಸಬೇಕಾಯಿತು. 2006ರಲ್ಲಿ 30 ವರ್ಷಗಳ ಕಠಿಣ ಶಿಕ್ಷೆ, 2007ರಲ್ಲಿ 202 ಕೋಟಿ ರೂಪಾಯಿ ದಂಡ ಬಿತ್ತು. ಶಿಕ್ಷೆ ಅನುಭವಿಸುತ್ತಿರುವಾಗಲೇ, 2017ರ ಅಕ್ಟೋಬರ್‌ನಲ್ಲಿ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಆತ ತೀರಿಕೊಂಡ. ಅಧಿಕಾರಿಗಳ ಕೃಪೆಯಿಲ್ಲದೆ ಅಷ್ಟು ದೊಡ್ಡ ದಂಧೆ ನಡೆಯುತ್ತಿರಲಿಲ್ಲವೆಂಬ ಸಂಕಟ ನನಗೆ ಈಗಲೂ ಇದೆ.

ಇ-ಸ್ಟ್ಯಾಂಪಿನಲ್ಲಿ ನಂಬಿಕೆಗೆ ಆಧಾರ ಕಾಗದವಲ್ಲ, ಅದರ ಮೇಲಿನ ಸಂಖ್ಯೆ. 'ಐಎನ್-ಕೆಎ' ಎಂದು ಆರಂಭವಾಗುವ ಆ ಸಂಖ್ಯೆಯನ್ನು ಇ-ಸ್ಟ್ಯಾಂಪಿನ ದಾಖಲೆ ಇಡುವ ಸ್ಟಾಕ್ ಹೋಲ್ಡಿಂಗ್ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಿದೆ. ಮೊತ್ತ, ದಿನಾಂಕ, ಹೆಸರು ಎಲ್ಲವೂ ತಾಳೆಯಾದವು. ಹೀಗೆ ಪರಿಶೀಲಿಸುವ ಹೊಣೆ ಬಳಸುವವರದ್ದೇ ಎಂದು ಪತ್ರದ ಅಡಿಯಲ್ಲಿ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಅಷ್ಟು ಮುಖ್ಯವಾದ ಮಾತು ಕನ್ನಡದಲ್ಲಿ, ಕಣ್ಣಿಗೆ ಕಾಣುವ ಗಾತ್ರದಲ್ಲಿ ಇರಬೇಕಿತ್ತು.

ಇನ್ನೊಂದು ಕೊರತೆ ಕೌಂಟರಿನದ್ದು. ಮುದ್ರಿಸುವ ಮೊದಲು ಪರದೆಯನ್ನು ನಮ್ಮತ್ತ ತಿರುಗಿಸಿ ತೋರಿಸಲಿಲ್ಲ. ತಾಯಿಯವರ ಹೆಸರಿನಲ್ಲಿ ಒಂದಕ್ಷರ ತಪ್ಪಿತು. ಅಚ್ಚಾದ ಮೇಲೆ ತಿದ್ದಲು ಬರುವುದಿಲ್ಲವೆಂದು ಹೇಳಿ ಮತ್ತೊಮ್ಮೆ ಪೂರ್ತಿ ಶುಲ್ಕ ಕಟ್ಟಿಸಿಕೊಂಡರು. ಆದರೂ ವ್ಯವಸ್ಥೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ, ಆ ಕೌಂಟರಿಗೆ ಎರಡು. ಎರಡನೇ ಸಲ ಅರ್ಜಿಯಲ್ಲಿ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬಿಡಿಬಿಡಿಯಾಗಿ ಬರೆದು, ಅವರು ಟೈಪ್ ಮಾಡುವಾಗ ಪಕ್ಕದಲ್ಲೇ ನಿಂತು ಓದಿ ಹೇಳಿದೆ.