ಗ್ರಾಮರ್ ಪುಸ್ತಕವೋ, ದಿನಾ ಒಂದು ಪ್ಯಾರಾವೋ?

ಇಂಗ್ಲಿಷ್ ಬರೆಯಲು ಕಲಿಯುವಾಗ ಗ್ರಾಮರ್ ಪುಸ್ತಕ ಹಿಡಿದರೆ ನಿಯಮ ಬೇಗ ಸಿಗುತ್ತದೆ. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ತಪ್ಪು, ‘ಐ ಸಾ ಹಿಮ್ ಯೆಸ್ಟರ್‌ಡೇ’ ಸರಿ. ಯಾಕೆ? ಮುಗಿದುಹೋದ ಸಮಯ ಹೇಳಿದ ಮೇಲೆ ಆ ‘ಹ್ಯಾವ್’ ಬರುವುದಿಲ್ಲ. ಇದು ಅಲ್ಲೇ ಗೊತ್ತಾಗುತ್ತದೆ. ಆದರೆ ಬಿಟ್ಟ ಸ್ಥಳ ತುಂಬುವುದರಲ್ಲಿ ಹತ್ತಕ್ಕೆ ಹತ್ತು ತೆಗೆದವರೂ ಸ್ವಂತ ನಾಲ್ಕು ಸಾಲು ಬರೆಯಲು ತಡವರಿಸುತ್ತಾರೆ, ಯಾಕೆಂದರೆ ಪುಸ್ತಕದಲ್ಲಿ ವಾಕ್ಯ ಮೊದಲೇ ರೆಡಿ ಇರುತ್ತದೆ, ಅಲ್ವಾ?

ದಿನಾ ಒಂದು ಪ್ಯಾರಾ ಬರೆದರೆ ಆ ತಡವರಿಕೆ ಕಡಿಮೆಯಾಗುತ್ತದೆ. ತಿದ್ದುವವರು ಮಾತ್ರ ಬೇಕು, ಇಲ್ಲದಿದ್ದರೆ ಅದೇ ತಪ್ಪು ರೂಢಿಯಾಗುತ್ತದೆ. ‘ಎ’, ‘ದಿ’ ಬಿಟ್ಟುಹೋಗುವುದಂತೂ ಜಾಸ್ತಿ, ಕನ್ನಡದಲ್ಲಿ ಅವು ಇಲ್ಲವಲ್ಲ. (ಮೊಬೈಲ್ ಆಪ್ ತಿದ್ದಿದ್ದನ್ನು ಸುಮ್ನೆ ಒಪ್ಪಿಕೊಂಡರೆ ತಲೆಗೆ ಏನೂ ಹತ್ತುವುದಿಲ್ಲ.)

ಟೆನ್ಸ್‌ಗಳೇ ಗೊಂದಲ ಅನ್ನುವವರಿಗೆ ಮೊದಲು ಪುಸ್ತಕ. ನಿಯಮ ಗೊತ್ತು, ಕೈ ಓಡುವುದಿಲ್ಲ ಅನ್ನುವವರು ಪುಸ್ತಕ ಮುಚ್ಚಿಟ್ಟು ಬರೆಯಲಿ.