ಹಾಸನದಲ್ಲಿ ವಿಲ್ ಪ್ರೊಬೇಟ್: ನಾವು ಹೋದ ವಕೀಲರ ಆಫೀಸು ಹೇಗಿತ್ತು

5ಕ್ಕೆ 4 ಸ್ಟಾರ್. ಆಫೀಸಿನ ಹೆಸರು ಇಲ್ಲಿ ಹಾಕುವುದಿಲ್ಲ, ದೂರು ಕೂಡ ಇದೆ, ಅದಕ್ಕೇ.

ಚಿಕ್ಕಪ್ಪ ಸಕಲೇಶಪುರ ಕಡೆಯ ಕಾಫಿ ತೋಟವನ್ನು ಚಿಕ್ಕಮ್ಮನಿಗೆ ವಿಲ್ ಬರೆದಿಟ್ಟು ತೀರಿಕೊಂಡರು. ಖಾತೆಗೆ ಅರ್ಜಿ ಹಾಕಿದ ಕೂಡಲೇ ದಾಯಾದಿಗಳು ತಕರಾರು ಎತ್ತಿದರು. ವಿಲ್ ಅಸಲಿಯೋ ಅಲ್ಲವೋ ಅಂತ ತೀರ್ಮಾನಿಸುವುದು ಕಂದಾಯದವರ ಕೆಲಸವಲ್ಲ, ಕೋರ್ಟಿಗೇ ಹೋಗಬೇಕು. ಹಾಗಾಗಿ ಪ್ರೊಬೇಟಿಗೆ, ಅಂದರೆ ವಿಲ್ ನಿಜ ಅಂತ ಕೋರ್ಟ್ ಕೊಡುವ ದೃಢೀಕರಣಕ್ಕೆ, ಈ ವಕೀಲರ ಹತ್ತಿರ ಹೋದೆವು.

ವಿಲ್ ರಿಜಿಸ್ಟರ್ ಆಗಿದೆಯಲ್ಲ, ಇನ್ನೇನು ಬೇಕು ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ. ಈ ವಕೀಲರು ಹಾಗೆ ಹೇಳಲಿಲ್ಲ. ತೋಟ ಎಷ್ಟು ಎಕರೆ ಅಂತಲೂ ಕೇಳಲಿಲ್ಲ, ಸಾಕ್ಷಿ ಹಾಕಿದವರು ಬದುಕಿದ್ದಾರಾ ಅಂತ ಮೊದಲು ಕೇಳಿದರು. ಇದೇ ನನಗೆ ತುಂಬಾ ಹಿಡಿಸಿತು. 1925ರ ಉತ್ತರಾಧಿಕಾರ ಕಾಯ್ದೆ ಪ್ರಕಾರ ವಿಲ್‌ಗೆ ಕನಿಷ್ಠ 2 ಸಾಕ್ಷಿಗಳ ಸಹಿ ಬೇಕು. ಬದುಕಿರುವ ಒಬ್ಬರಾದರೂ ಕೋರ್ಟಿಗೆ ಬಂದು, ಬರೆದವರು ಸಹಿ ಮಾಡಿದ್ದನ್ನು ನೋಡಿದೆ, ನಾನೂ ಅವರೆದುರೇ ಸಹಿ ಹಾಕಿದೆ ಅಂತ ಹೇಳಬೇಕು. ರಿಜಿಸ್ಟರ್ ಆದ ವಿಲ್ ಆದರೂ ಇದು ತಪ್ಪುವುದಿಲ್ಲ. ನಮ್ಮ ಒಬ್ಬ ಸಾಕ್ಷಿ ತೀರಿಕೊಂಡಿದ್ದರು, ಇನ್ನೊಬ್ಬರು ಅರಸೀಕೆರೆಯಲ್ಲಿ ಮಗಳ ಮನೆಯಲ್ಲಿದ್ದರು, ವಯಸ್ಸಾಗಿತ್ತು. ವಕೀಲರೇ ಅಲ್ಲಿಗೆ ಹೋಗಿ, ಅವರನ್ನು ಕೂರಿಸಿಕೊಂಡು, ಎದುರು ಪಾರ್ಟಿ ವಕೀಲರು ಏನು ಕೇಳಬಹುದು ಅಂತ ನಿಧಾನಕ್ಕೆ ಹೇಳಿ, ನೆನಪಿರುವುದನ್ನಷ್ಟೇ ಹೇಳಿ ಸಾಕು ಅಂತ ಧೈರ್ಯ ತುಂಬಿದರು. ಎಷ್ಟು ಜನ ಹೀಗೆ ಮಾಡುತ್ತಾರೆ ಹೇಳಿ?

ಇನ್ನೊಂದು ಒಳ್ಳೆಯದು, ಸುಮ್ನೆ ಕೇಸು ಹಾಕಿಸುವವರಲ್ಲ. ಹಾಸನ, ಚಿಕ್ಕಮಗಳೂರಿನಂಥ ಕಡೆ ನಮ್ಮಂಥವರಿಗೆ ಪ್ರೊಬೇಟ್ ಕಡ್ಡಾಯ ಅಲ್ಲ, ತಕರಾರು ಇಲ್ಲದಿದ್ದರೆ ಬೇಕಾಗುತ್ತಲೇ ಇರಲಿಲ್ಲ ಅಂತ ನೇರವಾಗಿ ಹೇಳಿದರು. ಪ್ರೊಬೇಟ್ ಸಿಕ್ಕರೂ ವಿಲ್ ನಿಜ ಅಂತ ಮಾತ್ರ ಸಾಬೀತಾಗುತ್ತದೆ, ತೋಟ ಚಿಕ್ಕಪ್ಪನದೇ ಆಗಿತ್ತಾ ಅನ್ನುವುದು ಬೇರೆ ಪ್ರಶ್ನೆ ಅಂತಲೂ ಬಿಡಿಸಿ ಹೇಳಿದರು. ವಿಲ್‌ನಲ್ಲಿ ಚಿಕ್ಕಮ್ಮನ ತಮ್ಮ ಎಕ್ಸಿಕ್ಯೂಟರ್ (ವಿಲ್ ಜಾರಿ ಮಾಡುವ ಹೊಣೆ ಹೊತ್ತವರು) ಆಗಿದ್ದರಿಂದ ಅವರ ಹೆಸರಲ್ಲೇ ಜಿಲ್ಲಾ ಕೋರ್ಟಿಗೆ ಅರ್ಜಿ ಹೋಯಿತು. ಎಕ್ಸಿಕ್ಯೂಟರ್ ಇಲ್ಲದಿದ್ದರೆ ಪ್ರೊಬೇಟ್ ಸಿಗುವುದಿಲ್ಲ, ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್ (ಆಸ್ತಿ ನಿರ್ವಹಣೆಗೆ ಕೋರ್ಟ್ ಕೊಡುವ ಅಧಿಕಾರಪತ್ರ) ಕೇಳಬೇಕು.

ದಾಯಾದಿಗಳು ಆಕ್ಷೇಪಣೆ ಹಾಕಿದ ಮೇಲೆ ಅದು ದಾವೆ ಥರಾನೇ ನಡೆಯಿತು. ಕಾಯಿಲೆಯಲ್ಲಿದ್ದಾಗ ಬರೆಸಿಕೊಂಡರು ಅಂತ ಅವರ ವಾದ. ಇಂಥ ಅನುಮಾನ ಬಂದರೆ ಅದನ್ನು ಹೋಗಲಾಡಿಸುವ ಹೊಣೆ ವಿಲ್ ತಂದವರದೇ ಅಂತ ಸುಪ್ರೀಂ ಕೋರ್ಟ್ ವೆಂಕಟಾಚಲ ಅಯ್ಯಂಗಾರ್ ಕೇಸಿನಲ್ಲಿ ಹೇಳಿದೆ. ನಮ್ಮ ಮೈಸೂರು ಕಡೆಯ ಕೇಸೇ ಅದು, 1958ರದು. ವಕೀಲರು ಆ ತೀರ್ಪು ನೋಡಿಕೊಂಡೇ ಡಾಕ್ಟರ ಚೀಟಿ, ಬ್ಯಾಂಕಿನ ಹಳೇ ಸಹಿ ಎಲ್ಲ ಮೊದಲೇ ಜೋಡಿಸಿದ್ದರು. ಪ್ರೊಬೇಟ್ ಸಿಕ್ಕಿತು.

ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ ದುಡ್ಡಿನ ಲೆಕ್ಕ. ಫೀಸು ಬರೆದು ಕೊಡಲಿಲ್ಲ. ಪೇಪರಿನ ನೋಟಿಸಿಗೆ ಇಷ್ಟು, ಟೈಪಿಂಗಿಗೆ ಇಷ್ಟು ಅಂತ ಬಿಡಿಬಿಡಿಯಾಗಿ ಕೇಳುತ್ತಿದ್ದರು, ರಸೀದಿ ಕೇಳಿದರೆ ಗುಮಾಸ್ತರು ಮುಖ ಸಿಂಡರಿಸುತ್ತಿದ್ದರು. ಮುಂದಿನ ತಾರೀಕಿಗೂ ಫೋನ್ ಎತ್ತುವುದಿಲ್ಲ, ಅದನ್ನು ನಾವು ಇ-ಕೋರ್ಟ್ಸ್ ಆ್ಯಪಿನಲ್ಲೇ ನೋಡಿಕೊಳ್ಳುತ್ತಿದ್ದೆವು. ಹೋಗುವವರು ಕೋರ್ಟ್ ಫೀ ಬೇರೆ, ವಕೀಲರ ಫೀ ಬೇರೆ ಅಂತ ಮೊದಲ ದಿನವೇ ಬರೆಸಿಕೊಳ್ಳಿ.