ಬೆಟ್ಟಿಂಗ್ ಆ್ಯಪ್‌ನಲ್ಲಿ ಗೆದ್ದ ಹಣ ಬಂತು, ಅಕೌಂಟೇ ಫ್ರೀಜ್ ಆಯಿತು

ಕ್ರಿಕೆಟ್ ಬೆಟ್ಟಿಂಗ್‌ನಲ್ಲಿ ಸೋತು ಮನೆ ಕಳೆದುಕೊಂಡವರ ವಿಷಯ ಎಲ್ಲರಿಗೂ ಗೊತ್ತು. ಗೆದ್ದವರ ಬ್ಯಾಂಕ್ ಅಕೌಂಟ್ ಏನಾಗುತ್ತದೆ ಅನ್ನೋದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಗೆದ್ದ ಹಣ ಬಂದಿದ್ದಕ್ಕೇ ನನ್ನ ತಮ್ಮನ ಅಕೌಂಟ್ ಫ್ರೀಜ್ ಆಯಿತು. ಅವನು ನನಗೆ ಕೈಸಾಲ ವಾಪಸ್ ಕೊಟ್ಟಿದ್ದ. ಅಷ್ಟಕ್ಕೇ ನನ್ನ ಅಕೌಂಟಿಗೂ ಲೀನ್, ಅಂದರೆ ಅಷ್ಟು ಹಣ ತೆಗೆಯದ ಹಾಗೆ ತಡೆ, ಬಿತ್ತು. ಮುಂದಿನ ಐಪಿಎಲ್ ಬರುವ ಮುಂಚೆ ನಾಲ್ಕು ಜನ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ತಮ್ಮನದು ಮೋಟರ್ ರಿವೈಂಡಿಂಗ್ ಅಂಗಡಿ. ತಿಪಟೂರು ಕಡೆ ತೋಟದ ಬೋರ್‌ವೆಲ್ ಮೋಟರ್ ಸುಟ್ಟರೆ ಅವನ ಹತ್ತಿರ ಬರುತ್ತಾರೆ. 2025ರ ಐಪಿಎಲ್ ನಡೆಯುತ್ತಿತ್ತು. ಆರ್‌ಸಿಬಿ ಕಪ್ ಗೆದ್ದ ಸೀಸನ್ ಅದು, ಊರೆಲ್ಲ ಅದೇ ಮಾತು. ಪರಿಚಯದ ಹುಡುಗನೊಬ್ಬ ವಾಟ್ಸಾಪ್‌ನಲ್ಲೇ ಒಂದು ‘ಐಡಿ’, ಅಂದರೆ ಬೆಟ್ಟಿಂಗ್ ಸೈಟಿನ ಲಾಗಿನ್, ಮಾಡಿಸಿಕೊಟ್ಟ. ಸೈಟು ಹೊರದೇಶದ್ದು. ಕೆಳಗೆ ಕ್ಯುರಸಾವ್ ಅನ್ನೋ ಕೆರಿಬಿಯನ್ ದ್ವೀಪದ ಲೈಸೆನ್ಸ್ ಇದೆ ಅಂತ ಬೇರೆ ಹಾಕಿದ್ದರು. ಆ ಲೈಸೆನ್ಸ್ ನೋಡಿಯೇ ಎಷ್ಟೋ ಜನ ‘ಲೀಗಲ್’ ಅಂದುಕೊಳ್ಳುತ್ತಾರೆ. ನಮ್ಮ ದೇಶದಲ್ಲಿ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ.

ಹಣ ಹಾಕುವ ರೀತಿಯನ್ನು ಆಮೇಲೆ ಅವನ ಮೊಬೈಲಿನಲ್ಲಿ ನೋಡಿದೆ. ‘ಡೆಪಾಸಿಟ್’ ಒತ್ತಿದರೆ ಒಂದು ಯುಪಿಐ ಐಡಿ ಬರುತ್ತದೆ, ಪಕ್ಕದಲ್ಲಿ ಹತ್ತು ನಿಮಿಷದ ಟೈಮರ್ ಓಡುತ್ತಿರುತ್ತದೆ. ಅಷ್ಟರೊಳಗೆ ಕಳಿಸಿ, ಆ ಪಾವತಿಯ ಗುರುತಿನ 12 ಅಂಕಿಯ ಯುಟಿಆರ್ ನಂಬರ್ ಹೊಡೆದು, ಸ್ಕ್ರೀನ್‌ಶಾಟ್ ಹಾಕಬೇಕು. ‘ನೋಟ್‌ನಲ್ಲಿ ಏನೂ ಬರೆಯಬೇಡಿ’ ಅಂತ ಕೆಂಪು ಅಕ್ಷರದಲ್ಲಿ ಇರುತ್ತದೆ. ಪ್ರತಿ ಸಲವೂ ಐಡಿ ಬೇರೆ. ಒಂದು ದಿನ ಯಾವುದೋ ತರಕಾರಿ ಅಂಗಡಿ ಹೆಸರು, ಇನ್ನೊಂದು ದಿನ ಯಾವುದೋ ಟ್ರೇಡರ್ಸ್, ಮತ್ತೊಂದು ದಿನ ಬಿಹಾರದ್ದೋ ಒಡಿಶಾದ್ದೋ ಒಬ್ಬ ಹೆಂಗಸಿನ ಹೆಸರು. ಅಂದರೆ ಹಣ ನೇರವಾಗಿ ಹೊರದೇಶಕ್ಕೆ ಹೋಗುವುದೇ ಇಲ್ಲ. ಇಲ್ಲಿನ ಬಡವರಿಂದ ಬಾಡಿಗೆಗೆ ತೆಗೆದುಕೊಂಡ ಅಕೌಂಟುಗಳಿಗೆ ಹೋಗುತ್ತದೆ. ಪೊಲೀಸರು ಇವನ್ನು ಮ್ಯೂಲ್ ಅಕೌಂಟ್ ಅನ್ನುತ್ತಾರೆ. ಗೆದ್ದಾಗ ಹಣ ವಾಪಸ್ ಬರುವುದೂ ಅಂಥದ್ದೇ ಅಕೌಂಟುಗಳಿಂದ.

ತಮ್ಮ ಒಂದು ರಾತ್ರಿ 18,000 ರೂಪಾಯಿ ಗೆದ್ದು ವಿತ್‌ಡ್ರಾ ಮಾಡಿದ. ಬೆಳಿಗ್ಗೆ ಖುಷಿಯಲ್ಲಿ ನನಗೆ ಕೊಡಬೇಕಿದ್ದ 7,500 ಕಳಿಸಿ, ‘ಅಕ್ಕ, ನಿನ್ನ ಲೆಕ್ಕ ಚುಕ್ತಾ’ ಅಂತ ಮೆಸೇಜ್ ಹಾಕಿದ. ಎಲ್ಲಿಂದ ಬಂತು ಅಂತ ನಾನು ಕೇಳಲಿಲ್ಲ, ಸಾಲ ತೀರಿಸುವ ತಮ್ಮನನ್ನು ಯಾರು ಹಾಗೆ ಕೇಳುತ್ತಾರೆ? ಸ್ವಲ್ಪ ದಿನ ಕಳೆದ ಮೇಲೆ ಅವನು ತಾಮ್ರದ ತಂತಿ ಕೊಡುವ ಸೇಠ್‌ಗೆ ಕೊಟ್ಟ ಚೆಕ್ ವಾಪಸ್ ಬಂತು. ಅಕೌಂಟಿನಲ್ಲಿ ದುಡ್ಡಿತ್ತು, ಆದರೆ ತೆಗೆಯುವ ಹಾಗಿರಲಿಲ್ಲ. ಅದೇ ವಾರ ನನ್ನ ಬ್ಯಾಲೆನ್ಸ್‌ನಲ್ಲೂ 7,500ಕ್ಕೆ ತಡೆ ಬಿದ್ದಿತ್ತು.

ಬ್ರಾಂಚಿಗೆ ಹೋದೆವು. ಮ್ಯಾನೇಜರ್ ಸ್ಕ್ರೀನ್ ತಿರುಗಿಸಿ ತೋರಿಸಿದರು. ಬೇರೆ ರಾಜ್ಯದ ಒಂದು ಸೈಬರ್ ಠಾಣೆಯ ಹೆಸರು, ಒಂದು ಉದ್ದನೆಯ ದೂರಿನ ನಂಬರ್, ಅಷ್ಟೇ. ‘ನಾವು ಮಾಡಿದ್ದಲ್ಲ ಮೇಡಂ, ಸೈಬರ್ ದೂರಿನ ಪೋರ್ಟಲ್‌ನಿಂದ ಬಂದಿದೆ. ಅವರು ತೆಗೆಯಿರಿ ಅಂದರೆ ಮಾತ್ರ ತೆಗೆಯಬಹುದು’ ಅಂದರು.

ಆ ಠಾಣೆಗೆ ಫೋನ್ ಸಿಗುವುದೇ ಕಷ್ಟವಾಯಿತು. ಕೊನೆಗೆ ಸಿಕ್ಕ ತನಿಖಾಧಿಕಾರಿ ಹೇಳಿದ್ದು ಕೇಳಿ ನನ್ನ ತಮ್ಮ ಕುರ್ಚಿಯಿಂದ ಏಳಲಿಲ್ಲ. ರಿಟೈರ್ ಆದ ಒಬ್ಬರಿಗೆ ಷೇರು ಟ್ರೇಡಿಂಗ್ ಹೆಸರಲ್ಲಿ ಯಾರೋ ಮೋಸ ಮಾಡಿದ್ದರು. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದರು. ಅವರ ಹಣ ಒಂದು ಅಕೌಂಟಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರಿ, ಅದರಲ್ಲಿ ಸ್ವಲ್ಪ ನನ್ನ ತಮ್ಮನ ‘ಗೆಲುವು’ ಆಗಿ ಬಂದಿತ್ತು. ಬೆಟ್ಟಿಂಗ್ ಸೈಟಿನವರು ತಮ್ಮ ಜೇಬಿನಿಂದ ಯಾಕೆ ಕೊಡುತ್ತಾರೆ? ಕದ್ದ ಹಣವನ್ನು ಹಂಚಿಬಿಡುವುದಕ್ಕೆ ಗೆದ್ದವರ ಅಕೌಂಟ್ ಅವರಿಗೆ ಸಿಕ್ಕಿರುತ್ತದೆ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನೀವು ವಿತ್‌ಡ್ರಾ ಮಾಡುವ ಹಣ ಯಾರದೋ ಪಿಂಚಣಿ ಇರಬಹುದು, ಯಾರದೋ ಮಗಳ ಮದುವೆ ದುಡ್ಡಿರಬಹುದು. ಆ ಜಾಡು ಹಿಡಿದು ಪೊಲೀಸರು ನಿಮ್ಮ ಹತ್ತಿರವೇ ಬರುತ್ತಾರೆ, ಸೈಟಿನವನ ಹತ್ತಿರ ಅಲ್ಲ.

ಐಡಿ ಕೊಟ್ಟ ಹುಡುಗ ಆಗ ಎರಡು ಬುದ್ಧಿಮಾತು ಹೇಳಿದ. ಎರಡೂ ತಪ್ಪು. ಈಗಲೂ ಊರೂರಲ್ಲಿ ಇದನ್ನೇ ಹೇಳುತ್ತಾರೆ, ಅದಕ್ಕೇ ಬಿಡಿಸಿ ಬರೆಯುತ್ತೇನೆ.

ಒಂದು, ‘ಹತ್ತು ಲಕ್ಷ ದಾಟಿದರೆ ಮಾತ್ರ ಬ್ಯಾಂಕ್ ವರದಿ ಮಾಡುತ್ತೆ, ಸಣ್ಣ ಸಣ್ಣದಾಗಿ ಹಾಕು.’ ಈ 10 ಲಕ್ಷದ ಲೆಕ್ಕ ಇರುವುದು ನಗದಿಗೆ. ಅದರಲ್ಲೂ ಒಂದೇ ತಿಂಗಳಲ್ಲಿ ಒಂದಕ್ಕೊಂದು ಸಂಬಂಧ ಇರುವ ಸಣ್ಣ ಮೊತ್ತಗಳು ಸೇರಿ 10 ಲಕ್ಷ ದಾಟಿದರೂ ಬ್ಯಾಂಕ್ ದೆಹಲಿಯ ಎಫ್‌ಐಯುಗೆ, ಅಂದರೆ ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕಕ್ಕೆ, ವರದಿ ಕಳಿಸಬೇಕು. 5 ಲಕ್ಷಕ್ಕಿಂತ ಜಾಸ್ತಿ ಹಣ ಗಡಿ ದಾಟಿ ಹೋದರೆ, ಬಂದರೆ, ಅದಕ್ಕೂ ವರದಿ ಇದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಅನುಮಾನದ ವ್ಯವಹಾರದ ವರದಿ, ಎಸ್‌ಟಿಆರ್. ಅದಕ್ಕೆ ಕನಿಷ್ಠ ಮೊತ್ತವೇ ಇಲ್ಲ. ರಾತ್ರಿ ಮ್ಯಾಚ್ ಹೊತ್ತಿಗೆ ಗುರುತಿಲ್ಲದ ಹೆಸರುಗಳಿಗೆ ಐನೂರು, ಸಾವಿರ ಹೋಗುತ್ತಲೇ ಇದ್ದರೆ ಅದೇ ಅನುಮಾನಕ್ಕೆ ಕಾರಣ. ಬಿಡಿಬಿಡಿಯಾಗಿ ಹಾಕಿದಷ್ಟೂ ಕಣ್ಣಿಗೆ ಬೀಳುವುದು ಜಾಸ್ತಿ. 2002ರ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ನಿಯಮದಲ್ಲಿ ಇದೆಲ್ಲ ಇದೆ. ವರದಿ ಕಳಿಸಿದ್ದನ್ನು ಬ್ಯಾಂಕ್ ನಿಮಗೆ ಹೇಳುವ ಹಾಗೂ ಇಲ್ಲ. ಹಾಗಾಗಿ ‘ಇಷ್ಟು ದಿನ ಏನೂ ಆಗಿಲ್ಲ’ ಅನ್ನುವ ಧೈರ್ಯಕ್ಕೆ ಅರ್ಥ ಇಲ್ಲ. ಕ್ರಿಪ್ಟೊ ಮೂಲಕ ಹಾಕಿದರೆ ಗೊತ್ತಾಗಲ್ಲ ಅನ್ನುವವರೂ ಇದ್ದಾರೆ. 2023ರ ಮಾರ್ಚ್‌ನಿಂದ ಕ್ರಿಪ್ಟೊ ಎಕ್ಸ್‌ಚೇಂಜುಗಳಿಗೂ ಇದೇ ಕಾಯ್ದೆ.

ಎರಡನೆಯದು ಇನ್ನೂ ಅಪಾಯದ ಮಾತು. ‘ಆ 18,000ಕ್ಕೆ ಮೋಟರ್ ರಿಪೇರಿ ಬಿಲ್ ಬರೆದುಕೊಡು, ಗಿರಾಕಿ ಕೊಟ್ಟ ದುಡ್ಡು ಅಂತ ಹೇಳು’ ಅಂದ. ತಮ್ಮ ಬಿಲ್ ಪುಸ್ತಕ ತೆಗೆದೂ ಆಗಿತ್ತು. ನಮಗೆ ಗೊತ್ತಿರುವ ವಕೀಲರು ಬೈದು ನಿಲ್ಲಿಸಿದರು. ಸುಳ್ಳು ಬಿಲ್ ಕೊಟ್ಟಿದ್ದರೆ ಅವನು ಮೋಸಕ್ಕೆ ಸಿಕ್ಕಿಬಿದ್ದವನಾಗಿ ಉಳಿಯುತ್ತಿರಲಿಲ್ಲ, ಮೋಸದಲ್ಲಿ ಪಾಲುದಾರ ಆಗುತ್ತಿದ್ದ. ಇದ್ದದ್ದನ್ನು ಇದ್ದ ಹಾಗೆ ಬರೆದೆವು. ಸೈಟಿನ ಸ್ಕ್ರೀನ್‌ಶಾಟ್, ವಾಟ್ಸಾಪ್ ಚಾಟ್, ಆರು ತಿಂಗಳ ಸ್ಟೇಟ್‌ಮೆಂಟ್, ಆಧಾರ್ ಎಲ್ಲ ಸೇರಿಸಿ ಠಾಣೆಗೆ ಇಮೇಲ್ ಮಾಡಿದೆವು, ರಿಜಿಸ್ಟರ್ಡ್ ಪೋಸ್ಟ್‌ನಲ್ಲೂ ಕಳಿಸಿದೆವು. ಪೂರ್ತಿ ಅಕೌಂಟ್ ಹಿಡಿಯಬೇಡಿ, ದೂರಿನ ಮೊತ್ತಕ್ಕೆ ಮಾತ್ರ ತಡೆ ಇಡಿ ಅಂತ ಕೇಳಿದೆವು. ಇಂಥದ್ದೇ ಪ್ರಕರಣಗಳಲ್ಲಿ ಕೇರಳ ಹೈಕೋರ್ಟ್ 2023ರಲ್ಲಿ ಹಾಗೆ ಆದೇಶ ಕೊಟ್ಟಿದೆ, ಅದನ್ನೂ ವಕೀಲರು ಸೇರಿಸಿದ್ದರು. ತಿಂಗಳುಗಟ್ಟಲೆ ಓಡಾಡಿದ ಮೇಲೆ ಅಕೌಂಟ್ ಬಿಟ್ಟರು. ಆ ಹಣ ಮಾತ್ರ ತಡೆಯಲ್ಲೇ ಉಳಿಯಿತು, ಅದು ನಮ್ಮದೂ ಅಲ್ಲ. ತಂತಿ ಸೇಠ್ ಇವತ್ತಿಗೂ ತಮ್ಮನಿಂದ ಚೆಕ್ ತೆಗೆದುಕೊಳ್ಳುವುದಿಲ್ಲ.

ಕಾರ್ಡಿನಿಂದ ನೇರವಾಗಿ ಹೊರದೇಶದ ಸೈಟಿಗೆ ಹಾಕುತ್ತೇನೆ, ಮ್ಯೂಲ್ ಅಕೌಂಟಿನ ಗೋಜೇ ಬೇಡ ಅನ್ನುವವರಿಗೆ ಒಂದು ಮಾತು. ವರ್ಷಕ್ಕೆ 2,50,000 ಡಾಲರ್ ಹೊರಗೆ ಕಳಿಸಬಹುದು ಅನ್ನುವ ಆರ್‌ಬಿಐ ಯೋಜನೆ ಇದಕ್ಕೆ ಅನ್ವಯಿಸುವುದಿಲ್ಲ. ಲಾಟರಿ, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್ಸ್ ಥರದ ಬಾಜಿಗೆ ಹಣ ಕಳಿಸುವುದನ್ನು ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ, ನಿಯಮ 2000ರಿಂದಲೇ ನಿಷೇಧಿಸಿದೆ. ಸಿಕ್ಕಿಬಿದ್ದರೆ ದಂಡ ಆ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು. ಗೆದ್ದದ್ದಕ್ಕೆ 30% ತೆರಿಗೆಯೂ ಇದೆ. ಹೊರದೇಶದ ಸೈಟು ಟಿಡಿಎಸ್ ಹಿಡಿಯಲಿಲ್ಲ ಅಂದ ಮಾತ್ರಕ್ಕೆ ಅದು ತಪ್ಪುವುದಿಲ್ಲ.

ನಮ್ಮದು ನಡೆದ ಮೇಲೆ, 2025ರ ಆಗಸ್ಟ್‌ನಲ್ಲಿ, ಆನ್‌ಲೈನ್ ಗೇಮಿಂಗ್ ಕಾನೂನು ಸಂಸತ್ತಿನಲ್ಲಿ ಪಾಸಾಯಿತು. ಹಣ ಕಟ್ಟಿ ಆಡುವ ಆಟ ನಡೆಸುವವರಿಗೆ, ಅದಕ್ಕೆ ಹಣದ ವ್ಯವಹಾರ ಮಾಡಿಕೊಡುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಆಡುವವನಿಗೆ ಆ ಕಾನೂನಿನಲ್ಲಿ ಶಿಕ್ಷೆ ಇಲ್ಲ ಅಂತ ಕೆಲವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಅಕೌಂಟ್ ಫ್ರೀಜ್ ಆಗುವುದಕ್ಕೆ ಶಿಕ್ಷೆ ಆಗಬೇಕಾಗಿಲ್ಲ, ಯಾರೋ ಒಬ್ಬರು ದೂರು ಕೊಟ್ಟರೆ ಸಾಕು.

ನನಗೆ ಎಲ್ಲಕ್ಕಿಂತ ಭಯ ಇರುವುದು ಕಾಲೇಜು ಹುಡುಗರ ಬಗ್ಗೆ. ‘ನಿನ್ನ ಅಕೌಂಟ್, ಎಟಿಎಂ ಕಾರ್ಡ್, ಒಂದು ಸಿಮ್ ಕೊಡು, ತಿಂಗಳಿಗೆ ಇಷ್ಟು ಕಮಿಷನ್’ ಅಂತ ಕೇಳುವವರು ಈಗ ಎಲ್ಲ ಊರಲ್ಲೂ ಇದ್ದಾರೆ. ಹಣದ ವ್ಯವಹಾರ ಮಾಡಿಕೊಡುವವರು ಅಂತ ಕಾನೂನು ಹಿಡಿಯುವಾಗ ಮೊದಲು ಕೈಗೆ ಸಿಗುವುದು ಇವರೇ. ನಿಮ್ಮ ಮನೆಯ ಮಕ್ಕಳನ್ನು ಕೂರಿಸಿಕೊಂಡು ಕೇಳಿ, ಬೈಯಬೇಡಿ, ಬೈದರೆ ಮುಚ್ಚಿಡುತ್ತಾರೆ. ಕೊಟ್ಟಿದ್ದು ಗೊತ್ತಾದರೆ ಅವತ್ತೇ ಬ್ಯಾಂಕಿಗೆ ಹೋಗಿ ಕಾರ್ಡು, ನೆಟ್ ಬ್ಯಾಂಕಿಂಗ್ ಎಲ್ಲ ಬ್ಲಾಕ್ ಮಾಡಿಸಿ, ಲಿಖಿತವಾಗಿ ಅರ್ಜಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಆ ಸಿಮ್ ಬಂದ್ ಮಾಡಿಸಿ. ಹತ್ತಿರದ ಸೈಬರ್ ಠಾಣೆಗೆ ನೀವೇ ಹೋಗಿ ಹೇಳಿ, ಅವರು ಹುಡುಕಿಕೊಂಡು ಬರುವ ತನಕ ಕಾಯಬೇಡಿ. ಅಕೌಂಟ್ ಆಗಲೇ ಫ್ರೀಜ್ ಆಗಿದ್ದರೆ ಠಾಣೆ ಹೆಸರು, ದೂರಿನ ನಂಬರ್, ತಡೆ ಹಿಡಿದ ಮೊತ್ತ ಈ ಮೂರನ್ನೂ ಬ್ರಾಂಚಿನಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ‘ಅನ್‌ಫ್ರೀಜ್ ಮಾಡಿಸಿಕೊಡುತ್ತೇವೆ’ ಅಂತ ಟೆಲಿಗ್ರಾಂನಲ್ಲಿ ದುಡ್ಡು ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ.